ಅಮಿನಾತಾಳ ಊರು

ಕನಕಪುರ
10 ಜೂನ್ 2002

ಮನು,

ಕಾಲೇಜು ಶುರುವಾಯಿತು. ಮತ್ತೆ ಅದೇ ಪಾನಿಪತ್, ಅದೇ ಪ್ಲಾಸಿ ಪಾಠ ಮಾಡುತ್ತಿದ್ದೇನೆ. ನಿನ್ನ ಭಾವ ನಟರಾಜು ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಮಲಗಿದ್ದಾರೆ. ಆ ಕಡೆ ರಸ್ತೆಯುದ್ದಕ್ಕೂ ಹೊಸ ಶೆಡ್ಡುಗಳು ಏಳುತ್ತಿವೆ, ಹಿಪ್ಪುನೇರಳೆ ತೋಟಗಳಿಗೆ ಕಾಂಪೌಂಡು ಬೀಳುತ್ತಿದೆ. ಎರಡು ವರ್ಷ ತಡೆದಿದ್ದರೆ ನಿನಗೂ ಇಲ್ಲೇ ಒಂದು ಕೆಲಸ ಸಿಗುತ್ತಿತ್ತು. ಈಗ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತಿದ್ದೇನೆ.

ಈಗ ಕೆಲಸದ ಮಾತು. ರಾಮನಗರದ ನಂಜುಂಡಯ್ಯನವರು, ನಿವೃತ್ತ ಹೆಡ್‌ಮಾಸ್ಟರು, ಮಕ್ಕಳಿಗಾಗಿ ದೇಶಕ್ಕೊಂದು ಕಿರುಪುಸ್ತಕ ತರುತ್ತಿದ್ದಾರೆ. ಪಶ್ಚಿಮ ಆಫ್ರಿಕಾದ ಒಂದು ದೇಶದ ಬಗ್ಗೆ ನೀವು ಬರೆಯಿರಿ ಎಂದರು. ನನ್ನ ತಮ್ಮನೇ ಐವರಿ ಕೋಸ್ಟಿನಲ್ಲಿ ನೂಲಿನ ಗಿರಣಿಯಲ್ಲಿದ್ದಾನೆ ಎಂದು ಹೆಮ್ಮೆಯಿಂದ ಹೇಳಿ ಸಿಕ್ಕಿಹಾಕಿಕೊಂಡೆ. ಚರಿತ್ರೆ, ರಾಜಕೀಯ, ಆರ್ಥಿಕತೆ, ಇಷ್ಟೇ ಮೂರು ಅಧ್ಯಾಯ. ಫ್ರೆಂಚರು ಹೇಗೆ ಬಂದರು, ಹೇಗೆ ಹೋದರು, ಈಗ ಯಾರು ಆಳುತ್ತಾರೆ, ಜನ ಯಾವುದರಿಂದ ಬದುಕುತ್ತಾರೆ, ಇದನ್ನೆಲ್ಲ ಸ್ಪಷ್ಟವಾಗಿ ಬರೆದು ಕಳಿಸು. ದಸರೆಯೊಳಗೆ ಹಸ್ತಪ್ರತಿ ಕೊಡಬೇಕು.

ಅಮ್ಮ ಹೊಂಗನೂರಿನಲ್ಲಿ ದೊಡ್ಡಮ್ಮನ ಜೊತೆ ಸೇರಿ ರೇಷ್ಮೆಹುಳ ಸಾಕುತ್ತ ಗಟ್ಟಿಯಾಗಿದ್ದಾಳೆ. ನಿನ್ನ ಭಾವನ ಚಿಕ್ಕಪ್ಪನ ಮಗಳು ಅಮೂಲ್ಯ, ಕೆಂಪಾಪುರದವಳು, ಟಿ.ಸಿ.ಎಚ್. ಶಿಕ್ಷಕಿ ತರಬೇತಿ ಮುಗಿಸಿದ್ದಾಳೆ. ಅಮ್ಮನಿಗೆ ಬಹಳ ಹಿಡಿಸಿದ್ದಾಳೆ. "ಅವ್ನು ಊಂ ಅನ್ಲಿ, ದೀಪಾವಳಿಗೆ ಬಂದ್ರೆ ತಾಂಬೂಲ ಬದಲಾಯಿಸ್ಬುಡಾನ" ಅನ್ನುತ್ತಿದ್ದಾಳೆ. ಊಂ ಅನ್ನು.

ನಿನ್ನ ಅಕ್ಕ,
ಲತಾಮಣಿ


ಬ್ವಾಕೆ
14 ಜುಲೈ 2002

ಪ್ರೀತಿಯ ಅಕ್ಕ,

ನಾನು ಯಂತ್ರ ರಿಪೇರಿ ಮಾಡುವವನು, ಅಧ್ಯಾಯ ಮಾಡಲು ನನಗೆ ಬರುವುದಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ, ನೀನೇ ಕತ್ತರಿಸಿ ಹೊಲಿದುಕೋ.

ಫ್ರೆಂಚರು ಮೊದಲು ಬಂದದ್ದು ಆನೆಯ ದಂತಕ್ಕೆ, ಆಮೇಲೆ ಮರಕ್ಕೆ, ಆಮೇಲೆ ಕಾಫಿ ಮತ್ತು ಕೋಕೊಗೆ. ಕಡಲ ತೀರದ ಅಬಿಜಾನ್‌ನಿಂದ ಉತ್ತರಕ್ಕೆ ರೈಲು ಹಾಕಿದರು. ಅದು ನಮ್ಮ ಬ್ವಾಕೆಯ ಮೇಲೆ ಹಾದು ಈಗಿನ ಬುರ್ಕಿನಾ ಫಾಸೊ ತನಕ ಹೋಗುತ್ತದೆ. ಹಳಿ ಹಾಕಲು, ತೋಟ ಕಡಿಯಲು ಉತ್ತರದಿಂದ ಜನರನ್ನು ಬಲವಂತವಾಗಿ ಹಿಡಿದು ತಂದರು. ಆ ಬಿಟ್ಟಿ ದುಡಿಮೆ ನಿಂತದ್ದು 1946ರಲ್ಲಿ. ಸ್ವಾತಂತ್ರ್ಯ 1960ರಲ್ಲಿ. ಮೊದಲ ಅಧ್ಯಕ್ಷರು ಸಾಯುವ ತನಕ, ಅಂದರೆ 1993ರ ತನಕ, ಅವರೇ ಆಳಿದರು. ಭೂಮಿಯನ್ನು ಉತ್ತವನೇ ಅದರ ಒಡೆಯ ಎಂದರು, ನೆರೆ ದೇಶದವರನ್ನೆಲ್ಲ ಕರೆದರು. ಕೋಕೊದಲ್ಲಿ ಈ ದೇಶ ಜಗತ್ತಿಗೇ ಮೊದಲನೆಯದಾಯಿತು. ತಮ್ಮ ಹುಟ್ಟೂರನ್ನೇ ರಾಜಧಾನಿ ಮಾಡಿ, ಅಲ್ಲಿ ರೋಮಿನದಕ್ಕೆ ಸಾಟಿಯಾದ ಚರ್ಚು ಕಟ್ಟಿಸಿದರು. ಅಷ್ಟರಲ್ಲಿ ಕೋಕೊ ಬೆಲೆ ಬಿತ್ತು. ಬೆಲೆ ಕಟ್ಟುವವರು ಲಂಡನ್ನಿನಲ್ಲಿ, ಗಿಡಕ್ಕೆ ಮಣ್ಣು ಹಾಕುವವರು ಇಲ್ಲಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾದರೆ ಹರಾಜು ಕೂಗುವವನ ಮುಖವಾದರೂ ಕಾಣುತ್ತದೆ.

ಬೆಲೆ ಬಿದ್ದ ಮೇಲೆ ಹೊಸ ಪ್ರಶ್ನೆ ಎದ್ದಿತು: ಇಲ್ಲಿಯವರು ಯಾರು, ಹೊರಗಿನವರು ಯಾರು? ನಾಲ್ಕು ಜನರಲ್ಲಿ ಒಬ್ಬರು ಹೊರಗಿನಿಂದ ಬಂದವರ ಪೈಕಿ. ಹಳ್ಳಿಯ ಭೂಮಿ ಈ ದೇಶದವರಿಗೆ ಮಾತ್ರ ಎಂದು 1998ರಲ್ಲಿ ಕಾನೂನಾಯಿತು. ಮರುವರ್ಷ ಕ್ರಿಸ್‌ಮಸ್ ಹಿಂದಿನ ದಿನ ಸೈನ್ಯ ದಂಗೆ ಎದ್ದಿತು. ಅಪ್ಪ ಅಮ್ಮ ಇಬ್ಬರೂ ಇಲ್ಲಿಯವರಾದರೆ ಮಾತ್ರ ಅಧ್ಯಕ್ಷರಾಗಬಹುದು ಎಂದು ಈಗ ಸಂವಿಧಾನದಲ್ಲೇ ಇದೆ. ಉತ್ತರದ ಹೆಸರಿದ್ದವರನ್ನೆಲ್ಲ ಪೊಲೀಸರು ನಿಲ್ಲಿಸಿ ಗುರುತಿನ ಕಾರ್ಡು ಕೇಳುತ್ತಾರೆ.

ನಾನಿರುವ ವಠಾರದಲ್ಲಿ ಇಸ್ಸಾ ಎಂಬ ಮುದುಕರಿದ್ದಾರೆ. ಹುಡುಗರಾಗಿದ್ದಾಗ ಈಗಿನ ಬುರ್ಕಿನಾದಿಂದ ರೈಲು ಹತ್ತಿ ಬಂದವರು. ಪಶ್ಚಿಮದ ಕಾಡು ಕಡಿದು ಕೋಕೊ ಹಾಕಿದರು. ಆ ತೋಟವನ್ನು ಈಗ ಮಗ ನೋಡಿಕೊಳ್ಳುತ್ತಾನೆ. ಮಗಳು ಅಮಿನಾತಾ ಇಲ್ಲಿಯ ಮಾರ್ಕೆಟ್ಟಿನಲ್ಲಿ ಬಟ್ಟೆ ಮಾರುತ್ತಾಳೆ. ನನ್ನ ಊಟ ಅವರ ಮನೆಯಲ್ಲೇ. ಮುದುಕರು ಮಾತಾಡುವುದು ಫ್ರೆಂಚು, ಆದರೆ ನನ್ನ ಕಿವಿಗೆ ಅದು ಹೊಂಗನೂರಿನ ಮಾತಿನ ಹಾಗೆಯೇ ಕೇಳುತ್ತದೆ: "ಕಾಡ್ ಕಡಿಯೋವಾಗ ಯಾವೂರೋನ್ಲಾ ಅಂತ ಒಬ್ರೂ ಕೇಳ್ನಿಲ್ಲ. ಗಿಡ ಕಾಯಿ ಬುಟ್ಮೇಲೆ ಎಲ್ರೂ ಕೇಳ್ತಾವ್ರೆ."

ಅಮೂಲ್ಯಳ ವಿಷಯ ಸದ್ಯ ಬೇಡ. ಅಮ್ಮನಿಗೆ ನಿಧಾನಿಸಲು ಹೇಳು.

ಮನು


ಕನಕಪುರ
20 ಆಗಸ್ಟ್ 2002

ಮನು,

ನಿನ್ನ ಕಾಗದ ನೋಡಿ ಸಂತೋಷವೂ ಆಯಿತು, ಸಿಟ್ಟೂ ಬಂತು. ನಾನು ಕೇಳಿದ್ದು ದೇಶದ ಕಥೆ, ನೀನು ಅರ್ಧ ಕಾಗದ ನಿನಗೆ ಊಟ ಹಾಕುವ ಮನೆಯ ಮುದುಕರ ಕಥೆ ಬರೆದಿದ್ದೀಯೆ. ನಂಜುಂಡಯ್ಯನವರಿಗೆ ಓದಿ ಹೇಳಿದೆ. "ಲತಾಮಣಿ, ಈ ಮುದುಕನನ್ನ ಎಲ್ಲಿ ಕೂರಿಸೋದಮ್ಮ? ಚರಿತ್ರೆಗೋ, ಆರ್ಥಿಕತೆಗೋ?" ಎಂದು ನಕ್ಕರು. ಕೋಕೊ ರಫ್ತು ಎಷ್ಟು, ಬಂದರುಗಳು ಯಾವುವು, ಪಕ್ಷಗಳ ಹೆಸರೇನು, ಒಂದೂ ಇಲ್ಲ.

ಆದರೂ ಒಂದು ವಿಷಯ ಸಿಕ್ಕಿತು. ಬೆಂಗಳೂರಿನ ಗ್ರಂಥಾಲಯದಲ್ಲಿ ಹಳೆಯ ಭೂಪಟಗಳನ್ನು ನೋಡಿದೆ. ಅಪ್ಪರ್ ವೋಲ್ಟಾ, ಈಗಿನ ಬುರ್ಕಿನಾ, 1932ರಲ್ಲಿ ಫ್ರೆಂಚರು ಅದನ್ನು ಒಡೆದು ಬಹುಪಾಲನ್ನು ಐವರಿ ಕೋಸ್ಟಿಗೆ ಸೇರಿಸಿದ್ದರು. ಮತ್ತೆ ಬೇರೆ ಮಾಡಿದ್ದು 1947ರಲ್ಲಿ. ನಿನ್ನ ಮುದುಕರು ಆ ನಡುವೆ ಹುಟ್ಟಿದ್ದರೆ ಅವರು ಹುಟ್ಟಾ ಐವರಿ ಕೋಸ್ಟಿನವರೇ! ಅವರಿಗೆ ಹೇಳು, ಖುಷಿಪಡುತ್ತಾರೆ.

ಚೀನಾದ ರೇಷ್ಮೆ ನುಗ್ಗಿ ಗೂಡಿನ ಬೆಲೆ ನೆಲ ಕಚ್ಚಿದೆ. ಅಮ್ಮ ಹುಳಕ್ಕೆ ಸೊಪ್ಪು ಹಾಕುತ್ತ ಚೀನಾದವರನ್ನು ಬೈಯುತ್ತಾಳೆ. "ಸದ್ಯ ಬೇಡ" ಎಂದರೆ ಏನರ್ಥ? ಕೆಂಪಾಪುರದವರಿಗೆ ನಾನು ಏನು ಹೇಳಲಿ? ಅವರು ನನ್ನ ಗಂಡನ ಮನೆಯವರು. ದೀಪಾವಳಿಗೆ ಬಾ, ಮುಖಾಮುಖಿ ಮಾತಾಡೋಣ.

ಅಕ್ಕ


ಕನಕಪುರ
27 ಸೆಪ್ಟೆಂಬರ್ 2002

ಮನು,

ಪೇಪರಿನ ಮೂಲೆಯಲ್ಲಿ ನಿನ್ನ ಊರಿನ ಹೆಸರು. ಬಂಡುಕೋರರು ಬ್ವಾಕೆಯನ್ನು ಹಿಡಿದಿದ್ದಾರಂತೆ. ವಿದೇಶಿಯರನ್ನು ಫ್ರೆಂಚ್ ಸೈನ್ಯ ಹೊರಗೆ ಕರೆದೊಯ್ಯುತ್ತಿದೆಯಂತೆ. ಫೋನು ಹತ್ತುತ್ತಿಲ್ಲ. ಇದು ನಿನಗೆ ತಲುಪುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.

ಏನನ್ನೂ ಯೋಚಿಸಬೇಡ. ಮೊದಲು ಸಿಕ್ಕ ಗಾಡಿ ಹತ್ತು. ಪುಸ್ತಕ ಹಾಳಾಗಲಿ. ಅಮ್ಮನಿಗೆ ನೀನು ಆಗಲೇ ಅಬಿಜಾನ್ ಸೇರಿದ್ದೀಯೆ ಎಂದು ಸುಳ್ಳು ಹೇಳಿದ್ದೇನೆ. ಅದನ್ನು ನಿಜ ಮಾಡು.

ಅಕ್ಕ


ಬ್ವಾಕೆ
16 ನವೆಂಬರ್ 2002

ಅಕ್ಕ,

ಬದುಕಿದ್ದೇನೆ. ಔಷಧಿ ತರುವ ಲಾರಿಯ ಚಾಲಕರೊಬ್ಬರ ಕೈಲಿ ಇದನ್ನು ಕೊಡುತ್ತಿದ್ದೇನೆ. ನಿನ್ನ ಎರಡು ಕಾಗದಗಳೂ ಒಟ್ಟಿಗೆ ಅವರ ಕೈಯಿಂದಲೇ ಬಂದವು. ಮುಂದೆಯೂ ಗಿರಣಿಯ ಅಬಿಜಾನ್ ಕಚೇರಿಗೇ ಬರೆ.

ಸೆಪ್ಟೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಗುಂಡಿನ ಸದ್ದಿಗೆ ಎದ್ದೆವು. ದಿನಗಟ್ಟಲೆ ಯಾರೂ ಹೊರಗೆ ಹೋಗಲಿಲ್ಲ. ದೇಶ ಎರಡಾಗಿದೆ: ಉತ್ತರ ಬಂಡುಕೋರರದು, ದಕ್ಷಿಣ ಸರ್ಕಾರದ್ದು, ನಡುವೆ ಫ್ರೆಂಚರು. ಗಿರಣಿ ನಿಂತಿದೆ. ವಿದೇಶಿಯರ ಗಾಡಿಗಳು ಹೊರಟಾಗ ನನ್ನನ್ನೂ ಕರೆದರು. ನನ್ನ ಜೊತೆ ಬಂದಿದ್ದ ಕೊಯಮತ್ತೂರಿನ ಇಬ್ಬರೂ ಹೋದರು. ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಎಂದು ಈಗ ಹೇಳಲೇಬೇಕು. ಅಮಿನಾತಾ ನನ್ನ ಹೆಂಡತಿ. ಫೆಬ್ರವರಿಯಲ್ಲಿ ಬೀದಿಯ ಹಿರಿಯರ ಮುಂದೆ ಮದುವೆಯಾದೆವು. ಅದನ್ನು ನೋಂದಾಯಿಸಲು ಅವಳ ರಾಷ್ಟ್ರೀಯತೆಯ ಪತ್ರ ಬೇಕು. ಅವಳಿಗೆ ಅದು ಇಲ್ಲ. ಅವಳು ಇದೇ ಊರಿನಲ್ಲಿ ಹುಟ್ಟಿದವಳು, ಆದರೆ ಅಪ್ಪ ಬುರ್ಕಿನಾದವನು ಎನ್ನುತ್ತಾರೆ. ಬುರ್ಕಿನಾವನ್ನು ಅವಳು ಕಣ್ಣಲ್ಲೂ ಕಂಡಿಲ್ಲ. ಫ್ರೆಂಚ್ ಅಧಿಕಾರಿ ನನ್ನ ಪಾಸ್‌ಪೋರ್ಟು ನೋಡಿ ಹತ್ತು ಎಂದರು. ಅವಳ ಕಡೆ ತಿರುಗಿ, "ಈಕೆ ಯಾವ ದೇಶ?" ಎಂದರು. ನಾನು ಬಾಯಿ ತೆರೆದೆ, ಆದರೆ ತೋರಿಸಲು ಅವಳ ಒಂದು ಕಾಗದವೂ ಇರಲಿಲ್ಲ. ಅಮಿನಾತಾ ನನ್ನ ಬೆನ್ನು ತಟ್ಟಿ, "ನೀನು ಹೋಗು" ಎಂದಳು. ನಾನು ಚೀಲ ಕೆಳಗಿಳಿಸಿದೆ.

ನಿನ್ನ ಭೂಪಟದ ವಿಷಯ ಮುದುಕರಿಗೆ ಹೇಳಿದೆ. ಅವರು ಹುಟ್ಟಿದ್ದು 1936ರಲ್ಲಿ. "ನಿಮ್ಮಕ್ಕನ್ನ ಕರ್ಕಂಡ್ ಬಾ. ರಸ್ತೇಲಿ ಬಂದೂಕ ಹಿಡ್ಕಂಡು ನಿಂತವ್ನಲ್ಲ, ಅವ್ನಿಗೆ ಒಸಿ ಪಾಠ ಮಾಡ್ಲಿ" ಎಂದರು. ತಮಾಷೆಗಲ್ಲ. ಅದೇ ವಾರ ಪಶ್ಚಿಮದಲ್ಲಿ ಅವರ ಮಗನನ್ನು ಅಕ್ಕಪಕ್ಕದವರೇ ತೋಟದಿಂದ ಓಡಿಸಿದ್ದರು. ಅವನು ಎಲ್ಲಿದ್ದಾನೋ ಇನ್ನೂ ತಿಳಿದಿಲ್ಲ.

ಅಮ್ಮನಿಗೆ ನೀನೇ ಹೇಳು. ನಿಧಾನವಾಗಿ ಹೇಳು, ಆದರೆ ಎಲ್ಲವನ್ನೂ ಹೇಳು. ಅವಳು ಏನಂದಳೋ ಹಾಗೆಯೇ ಬರೆ. ಅಮ್ಮ ಬಾ ಎಂದರೆ ಹೇಗಾದರೂ ಮಾಡಿ ಇಬ್ಬರೂ ಬರುತ್ತೇವೆ.

ಮನು


ಕನಕಪುರ
12 ಜನವರಿ 2003

ಮನೋಹರ,

ನೀನು ಬದುಕಿದ್ದೀಯೆ ಎಂದು ಓದಿ ಅತ್ತೆ. ಮುಂದಿನ ಪುಟ ಓದಿ ನಿನ್ನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಫೆಬ್ರವರಿಯಲ್ಲಿ ಮದುವೆಯಾಗಿ, ಜುಲೈನಲ್ಲಿ "ನನ್ನ ಊಟ ಅವರ ಮನೆಯಲ್ಲೇ" ಎಂದು ಬರೆಯುತ್ತೀಯಲ್ಲ, ನನ್ನನ್ನು ಏನೆಂದುಕೊಂಡೆ? ನಾನು ಇಲ್ಲಿ ಕೆಂಪಾಪುರದವರಿಗೆ ಕಾಫಿ ಕೊಡುತ್ತ, ನಮ್ಮ ಹುಡುಗ ಬರುತ್ತಾನೆ, ಬರುತ್ತಾನೆ ಎನ್ನುತ್ತಿದ್ದೆ. ಜಾತಿ ಹೋಗಲಿ, ಮತ ಹೋಗಲಿ, ಒಂದು ದೇಶವೂ ಇಲ್ಲದವಳಿಗಾಗಿ ಗುಂಡಿನ ನಡುವೆ ಉಳಿದೆಯಲ್ಲ!

ಅಮ್ಮ ಏನೂ ಹೇಳಲಿಲ್ಲ. ಹುಳ ನಾಲ್ಕನೆಯ ಜ್ವರದ ಪೊರೆ ಬಿಟ್ಟು ಎದ್ದಿದ್ದವು, ಸೊಪ್ಪು ಹಾಕುತ್ತಿದ್ದಳು. ಅಷ್ಟೇ.

ನೀನೊಬ್ಬನೇ ಬರುವುದಾದರೆ ದಾರಿ ಇನ್ನೂ ಇದೆ. ಯೋಚಿಸು.

ಲತಾಮಣಿ


ಬ್ವಾಕೆ
30 ಏಪ್ರಿಲ್ 2003

ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ಅಮ್ಮನ ಮೌನವೂ ತಲುಪಿತು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ, ಶಪಿಸಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಸೊಪ್ಪು ಹಾಕುತ್ತಿದ್ದಳು ಎಂದರೆ ನಾನು ಏನು ಮಾಡಲಿ?

"ನಿಮ್ಮ ತಾಯಿ ಏನಂದರು?" ಎಂದು ಅಮಿನಾತಾ ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಅವಳಿಗೆ ಅರ್ಥವಾಯಿತು. ಕನ್ನಡ ಕಲಿಸು ಎಂದು ಪ್ರತಿದಿನ ಪೀಡಿಸುತ್ತಿದ್ದವಳು, ಆಮೇಲೆ ಕೇಳಲಿಲ್ಲ.

ಪ್ಯಾರಿಸ್ಸಿನ ಬಳಿ ಸರ್ಕಾರಕ್ಕೂ ಬಂಡುಕೋರರಿಗೂ ಒಪ್ಪಂದವಾಯಿತು, ಅದರ ವಿರುದ್ಧ ಅಬಿಜಾನ್‌ನಲ್ಲಿ ದಂಗೆಯಾಯಿತು. ಗಿರಣಿ ಮತ್ತೆ ತೆರೆಯುವುದಿಲ್ಲ. ಇಸ್ಸಾ ಅವರ ಮಗ ಬುರ್ಕಿನಾ ತಲುಪಿದ್ದಾನೆಂದು ಸುದ್ದಿ ಬಂತು. ನಾವೂ ಉತ್ತರಕ್ಕೆ ಹೋಗುತ್ತೇವೆ. ಮುದುಕರು ಒಪ್ಪುತ್ತಿಲ್ಲ. "ಉಟ್ಟಿದ್ ಊರಂತೆ! ಅಲ್ಲಿ ಯಾರವ್ರೆ ನಂಗೆ?" ಎನ್ನುತ್ತಾರೆ. ಅವರನ್ನು ಎತ್ತಿ ಲಾರಿಯಲ್ಲಿ ಕೂರಿಸಬೇಕಾಗುತ್ತದೆ.

ವಿಳಾಸ ಇಲ್ಲ. ಬರೆಯಬೇಡ.

ಮನೋಹರ


ಕನಕಪುರ
9 ಜುಲೈ 2003

ಮನು,

ನಿನ್ನ ಏಪ್ರಿಲ್ ಕಾಗದ ಮೊನ್ನೆ ಬಂತು. ಬರೆಯಬೇಡ ಎಂದರೂ ಅಬಿಜಾನ್ ವಿಳಾಸಕ್ಕೇ ಬರೆಯುತ್ತಿದ್ದೇನೆ, ಯಾರಾದರೂ ನಿನಗೆ ತಲುಪಿಸಿಯಾರು.

ಅಮೂಲ್ಯಳಿಗೆ ಮಾಗಡಿಯ ಕಡೆಯ ಹುಡುಗನೊಂದಿಗೆ ಮದುವೆಯಾಯಿತು. ಸಾವನದುರ್ಗದ ದೇವಸ್ಥಾನದಲ್ಲಿ ಧಾರೆ. ನಾನೂ ಹೋಗಿದ್ದೆ. ಯಾರೂ ಏನೂ ಕೇಳಲಿಲ್ಲ. ನಿನ್ನ ಭಾವ ಮಾತ್ರ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ.

ಪುಸ್ತಕದ ಕೆಲಸ ನಿಂತಿತು. ಇಸ್ಸಾ ಮತ್ತು ಆ ಭೂಪಟದ ವಿಷಯವನ್ನು ಒಂದು ಪುಟ ಬರೆದಿದ್ದೆ. ನಂಜುಂಡಯ್ಯನವರು, "ಮಕ್ಕಳಿಗೆ ಗೊಂದಲವಾಗುತ್ತೆ ಕಣಮ್ಮ. ಮೂಲನಿವಾಸಿಗಳು ಇಷ್ಟು, ವಲಸಿಗರು ಇಷ್ಟು, ಹಾಗೆ ಬರೆದುಬಿಡಿ" ಎಂದರು. ಆಗುವುದಿಲ್ಲ ಎಂದು ಕಾಗದಗಳನ್ನು ವಾಪಸು ತಂದೆ. ಅವರಿಗೂ ಬೇಸರ, ನನಗೂ. ಅವರು ಈಗ ಈಜಿಪ್ಟ್ ಮಾಡುತ್ತಿದ್ದಾರೆ.

ನಿನಗೆ ಹೇಳಬೇಕಾದ ಒಂದು ಮಾತಿದೆ. ಯಾರ ಕೈಗೆ ಸಿಗುವುದೋ ತಿಳಿಯದ ಕಾಗದದಲ್ಲಿ ಬರೆಯಲು ಆಗುತ್ತಿಲ್ಲ. ವಿಳಾಸ ಕಳಿಸು.

ಅಕ್ಕ


ಬೋಬೊ ದ್ಯುಲಾಸೊ, ಬುರ್ಕಿನಾ ಫಾಸೊ
22 ಫೆಬ್ರವರಿ 2004

ಶ್ರೀಮತಿ ಲತಾಮಣಿಯವರಿಗೆ,

ಈ ತಿಂಗಳ ಮೊದಲ ವಾರ ನಮಗೆ ಹೆಣ್ಣುಮಗು ಹುಟ್ಟಿತು. ಮಗುವನ್ನು ಎತ್ತಿಕೊಂಡಾಗ ನನ್ನ ಹಟ ನಿಲ್ಲಲಿಲ್ಲ. ಅಮ್ಮ ಬೇಡ ಎಂದರೂ ಪರವಾಗಿಲ್ಲ, ಒಂದು ಮಾತು ಹೇಳಿಬಿಡೋಣ ಎಂದು ಹೊಂಗನೂರಿನ ಖಲಂದರನ ಅಂಗಡಿಗೆ ಫೋನು ಮಾಡಿದೆ. ಅವನು ಓಡಿಹೋಗಿ ಅಮ್ಮನನ್ನು ಕರೆತಂದ.

"ಯಾರ್ಲಾ, ಮನುವಾ? ಜೀವ ಮಡಿಕಂಡಿದ್ದೀಯೇನ್ಲಾ?" ಎಂದು ಅತ್ತಳು. ನಾನು "ಅಮ್ಮಾ, ಮಗು ಹುಟ್ಟಿದೆ" ಎಂದೆ.

ಅಮ್ಮ ಏನಂದಳು ಗೊತ್ತೆ? "ಯಾರ್ಗೆ?" ಎಂದಳು.

ಯಾರಿಗೆ! ನಾನು ಹೇಳುವಷ್ಟರಲ್ಲಿ ಲೈನು ಕಟ್ಟಾಯಿತು. ಆಮೇಲೆ ಎಷ್ಟು ಒತ್ತಿದರೂ ಹತ್ತಲಿಲ್ಲ. "ಅಮ್ಮ ಏನೂ ಹೇಳಲಿಲ್ಲ" ಎಂದು ಬರೆದೆಯಲ್ಲ. ಹೇಳದೆ ಇದ್ದವಳು ನೀನು. ಅವಳಿಗೆ ಗೊತ್ತೇ ಇರಲಿಲ್ಲ. ಒಂದು ವರ್ಷ ನಾನು ನನ್ನ ತಾಯಿಯ ಮೇಲೆ ಸಿಟ್ಟಿಟ್ಟುಕೊಂಡು ಬದುಕಿದೆ. ಅಮಿನಾತಾ ತಾನು ಬೇಡವಾದವಳು ಎಂದುಕೊಂಡೇ ಬಸಿರಾದಳು, ಹೆತ್ತಳು.

ನೀನು ಬರೆದಿದ್ದೆ, ದೇಶವೂ ಇಲ್ಲದವಳು ಎಂದು. ಅದಕ್ಕೂ ಉತ್ತರ ಕೇಳು. ಇಲ್ಲಿ ರಾಷ್ಟ್ರೀಯತೆಯ ಪತ್ರ ಕೊಡಬೇಕಾದರೆ ಅಪ್ಪ ಇಲ್ಲಿಯವನೆಂದು ಸಾಕ್ಷಿ ಬೇಕು. ಇಸ್ಸಾ ಅವರನ್ನು ಅವರ ಹಳ್ಳಿಗೆ ಕರೆದೊಯ್ದೆವು. ಅವರಿಗೆ ದಾರಿಯೂ ನೆನಪಿರಲಿಲ್ಲ. ಅಲ್ಲಿ ಅವರ ಅಕ್ಕ ಬದುಕಿದ್ದಳು, ಕಣ್ಣು ಕಾಣದ ಮುದುಕಿ. ತಮ್ಮನ ತಲೆಯನ್ನು ಕೈಯಿಂದ ತಡವಿ ನೋಡಿ, ಇವನು ನಮ್ಮವನೇ ಎಂದು ಅಧಿಕಾರಿಯ ಮುಂದೆ ಹೇಳಿದಳು. ಹಾಗೆ ಅಮಿನಾತಾಳಿಗೆ ಒಂದು ದೇಶ ಸಿಕ್ಕಿತು. ಕಾರ್ಡು ಹಿಡಿದುಕೊಂಡು ದಾರಿಯೆಲ್ಲ ಅತ್ತಳು. ಅಲ್ಲಿ ಇದ್ದಾಗ ಬುರ್ಕಿನಾದವಳು ಎನ್ನುತ್ತಿದ್ದರು, ಇಲ್ಲಿ ನೀರು ಹಿಡಿಯುವ ಹೆಂಗಸರು ಅವಳ ಮಾತು ಕೇಳಿ ಐವರಿ ಕೋಸ್ಟಿನವಳು ಎನ್ನುತ್ತಾರೆ.

ಮದುವೆ ನೋಂದಾಯಿಸಿದ್ದೇವೆ. ವೀಸಾಕ್ಕೆ ಘಾನಾದ ಆಕ್ರಾಕ್ಕೆ ಹೋಗಬೇಕು. ಅದಿರಲಿ. ಈಗಲಾದರೂ ಅಮ್ಮನಿಗೆ ಹೇಳು. ಹೇಳಲಾಗದಿದ್ದರೆ ಆಗುವುದಿಲ್ಲ ಎಂದು ಬರೆ. ಈಗ ನಾನು ಕೆಲಸ ಮಾಡುವ ಹತ್ತಿ ಗಿರಣಿಯ ವಿಳಾಸ ಕಾಗದದ ಹಿಂದೆ ಇದೆ.

ಮನೋಹರ


ಕನಕಪುರ
24 ಮಾರ್ಚ್ 2004

ಮನು,

ನಿನ್ನ ಕಾಗದಕ್ಕಿಂತ ಮೊದಲೇ ಅಮ್ಮ ಬಂದಳು. ಫೋನು ಕಟ್ಟಾದ ಮಾರನೆಯ ಬೆಳಿಗ್ಗೆ ಬಸ್ಸು ಬದಲಾಯಿಸಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. ನಿಂತಲ್ಲೇ ಕೇಳಿದಳು, ನಿಂತಲ್ಲೇ ನಾನು ಎಲ್ಲವನ್ನೂ ಹೇಳಿದೆ. ಮದುವೆ, ಯುದ್ಧ, ಅವಳ ಮತ, ನೀನು ಗಾಡಿ ಹತ್ತದೆ ಉಳಿದದ್ದು. ಆಮೇಲೆ ಗೇಟಿನ ಕಂಬ ಹಿಡಿದುಕೊಂಡು ಒಂದಿಷ್ಟು ಅತ್ತಳು.

"ಇಷ್ಟ್ ದಿನ ಬಾಯಿ ಒಲ್ಕಂಡಿದ್ದೇನೇ?" ಎಂದಳು.

"ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲಮ್ಮ."

"ಬೇಜಾರ್ ಮಾಡ್ಕಳದು ನನ್ ಪಾಡು. ಅದ್ನ ನೀನ್ಯಾಕೆ ಕಿತ್ಕಂಡೆ? ಒಂದಿನ ಅಳ್ತಿದ್ದೆ, ಎಲ್ಡು ದಿನ ಉಣ್ಣಾಕಿಲ್ಲ ಅಂತಿದ್ದೆ. ಮೂರ್ನೇ ದಿನ ಹುಡ್ಗಿ ಹೆಂಗವ್ಳೆ ಅಂತ ಕೇಳ್ತಿದ್ದೆ ಕಣೇ."

ಕಾಫಿಯನ್ನೂ ಕುಡಿಯದೆ ಮುಂದಿನ ಬಸ್ಸಿಗೇ ಹೋದಳು. ಆಮೇಲೆ ನಾನು ಎರಡು ಸಲ ಹೊಂಗನೂರಿಗೆ ಹೋದೆ. ಹುಳದ ಮನೆಯಿಂದ ಹೊರಗೆ ಬರಲಿಲ್ಲ. ನಿನ್ನ ಕಾಗದವನ್ನು ಬಾಗಿಲ ಹೊರಗೆ ನಿಂತು ಓದಿದೆ. ಒಳಗೆ ಸೊಪ್ಪಿನ ಸದ್ದು ನಿಂತದ್ದು ಕೇಳಿಸಿತು, ಹಾಗಾಗಿ ಕೇಳಿಸಿಕೊಂಡಳು ಎಂದು ತಿಳಿದೆ. "ಬಾನ್ವಾರ ಫೋನ್ ಮಾಡ್ಸು" ಎಂದು ಮಾತ್ರ ಒಳಗಿನಿಂದ ಹೇಳಿದಳು. ನಿನ್ನ ಗಿರಣಿಗೆ ತಂತಿ ಕೊಟ್ಟವಳು ನಾನೇ.

ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳಿದ್ದೀಯೆ. ಗಂಡನ ಮನೆಯವರ ಮುಖ ಉಳಿಸಿಕೊಳ್ಳಲು, ಇನ್ನೊಂದೆರಡು ತಿಂಗಳಲ್ಲಿ ನೀನೇ ಬೇಸತ್ತು ಒಬ್ಬನೇ ಬರುತ್ತೀಯೆಂದು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ. ನೀನು ನನ್ನನ್ನು ಶ್ರೀಮತಿ ಎಂದು ಕರೆದದ್ದು ಇನ್ನೂ ಚುಚ್ಚುತ್ತಿದೆ. ಚುಚ್ಚಲಿ.

ಮೊನ್ನೆ ಭಾನುವಾರ ನೀವು ಮಾತಾಡಿದ್ದು ನಿನಗೇ ಗೊತ್ತು. ಅಮ್ಮ ಕನ್ನಡದಲ್ಲಿ, ಅಮಿನಾತಾ ತನ್ನ ಭಾಷೆಯಲ್ಲಿ, ಇಬ್ಬರೂ ನಿಲ್ಲಿಸದೆ ಮಾತಾಡಿದರು, ಮಗು ಅಳುವುದು ಅಂಗಡಿಯ ಆಚೆಯ ತನಕ ಕೇಳುತ್ತಿತ್ತು. ಫೋನು ಇಟ್ಟ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯ ಮುಂದೆ ಬಸ್ಸಿಗೆ ಕಾಯುವವರು ಐದಾರು ಮಂದಿ ಇದ್ದರು. ಎಲ್ಲರ ಕಿವಿಯೂ ಇತ್ತಲೇ.

"ಯಾರ್ ಕೂಟೆ ಮುನಿಯಮ್ಮಾ ಅಷ್ಟೊತ್ತು?" ಎಂದು ಖಲಂದರ್ ಕೇಳಿದ.

"ಸೊಸೆ ಕೂಟೆ."

"ಯಾವೂರೋಳು?"

ಅಮ್ಮ ನನ್ನ ಮುಖ ನೋಡಿದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ನೋಡಿದ್ದು. ನಾನು ಬಾಯಿ ತೆರೆದೆ. ಎಲ್ಲಿಂದ ಶುರು ಮಾಡಲಿ? ಹುಟ್ಟಿದ್ದು ಬ್ವಾಕೆಯಲ್ಲಿ, ಕಾರ್ಡು ಬುರ್ಕಿನಾದ್ದು, ಅಪ್ಪ ಹುಟ್ಟಿದಾಗ ಎರಡೂ ಒಂದೇ ಆಗಿತ್ತು, ಫ್ರೆಂಚರು ಒಡೆದರು, ಸೇರಿಸಿದರು... ಅಮ್ಮ ಕಾಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಖಲಂದರನ ಕಡೆ ತಿರುಗಿದಳು.

"ಹೊಂಗನೂರೋಳು ಕಣಪ್ಪಾ. ಇನ್ನೂ ಊರ್ ಸೇರಿಲ್ಲ ಅಷ್ಟೆ."

ಲತಾಮಣಿ